ಅಣ್ಣ ನಿಲ್ಲುತ್ತಾನೆ

ನನ್ನ ತಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಸದಿಯ ಗರ್ಭಗುಡಿಯ ಹೊಸ್ತಿಲಲ್ಲಿ, ಅಭಿಷೇಕದ ಕಲಶವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಾಗ.

ಭಾದ್ರಪದದ ನಮ್ಮ ಹತ್ತು ದಿನಗಳ ಪರ್ವ ಮುಗಿದಿತ್ತು. ಎಲ್ಲರಲ್ಲೂ ಕ್ಷಮೆ ಕೇಳುವ ಕ್ಷಮಾವಳಿಯೂ ಕಳೆದು, ಅದು ಮರುದಿನದ ಮುಂಜಾನೆ. ನಮ್ಮ ಬಸದಿಯ ಪುರೋಹಿತರಾದ ಉಪಾಧ್ಯೆ ಶ್ರೇಯಾಂಸರು ಪರ್ವದ ಪೂಜೆಗೆಂದು ಸಾಂಗಲಿಗೆ ಹೋಗಿದ್ದವರು ಆಗಷ್ಟೇ ಹುಬ್ಬಳ್ಳಿಗೆ ಮರಳಿದ್ದರು. ನಾನು ಒಳಗೆ ಕಾಲಿಡುವಷ್ಟರಲ್ಲಿ ಅವರು ಬಾಗಿಲಿಗೆ ಅಡ್ಡ ಕೈ ಇಟ್ಟರು.

"ನೇಮಣ್ಣಾರ, ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ."

"ಯಾಕ್ರಿ? ಈಗ ಸ್ನಾನ ಮಾಡಿ ಮಡಿ ಉಟಗೊಂಡು ಬಂದೀನಿ."

"ಮಡಿ ಮಾತಲ್ರಿ. ಸೂತಕದಾಗ ಮೂರ್ತಿ ಮುಟ್ಟಬಾರದು ಅಂತ ನಿಮಗ ನಾ ಹೇಳಬೇಕೇನು?"

"ಯಾರ ಸೂತಕ?"

ಅವರ ಮುಖ ಬದಲಾಯಿತು. ಬಾಗಿಲಿನ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. "ನಿಮ್ಮ ತಮ್ಮಾರದು. ಸಾಂಗಲಿ ಧನ್ಯಕುಮಾರ ಅವರದು" ಎಂದರು.

ನನಗೆ ನಗು ಬಂತು. ಆ ನಗುವನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. "ಉಪಾಧ್ಯೇರ, ಏನರೆ ಮಾತಾಡಬ್ಯಾಡ್ರಿ. ಮನಿ ಬಿಡೂ ಮೊದಲ ಅವನ ಜೋಡಿ ಮಾತಾಡಿ ಬಂದೀನಿ. ಮೊಣಕಾಲು ಈಗ ಹಗೂರ ಆಗೇತಿ ಅಂದಾನ. ಗುಳಗಿ ತಗೊಂಡ್ಯಾ ಅಂತ ಕೇಳ್ಯಾನ."

"ಅಣ್ಣಾರ, ಪರ್ವದ ನಡುವ ತೀರಿಕೊಂಡ್ರು. ಸ್ಮಶಾನದ ತನಕ ನಾನೂ ಹೋಗಿದ್ದೆ. ನಿಮಗ ತಿಳಿಸೀವಿ, ಬರಾಕ ಆಗೂದಿಲ್ಲ ಅಂದ್ರು ಅಂತ ಅವರ ಮಗ ಸನ್ಮತಿನ ನನಗ ಹೇಳಿದ."

ಕಲಶವನ್ನು ಅವರು ನನ್ನ ಕೈಯಿಂದ ತೆಗೆದುಕೊಂಡರೋ, ನಾನೇ ಕೆಳಗಿಟ್ಟೆನೋ ತಿಳಿಯದು. ಪರ್ವದುದ್ದಕ್ಕೂ ಪ್ರತಿದಿನ ನಾನು ಆ ಮೂರ್ತಿಯನ್ನು ಮುಟ್ಟಿದ್ದೆ. ನನ್ನ ತಮ್ಮನ ಚಿತೆ ಉರಿಯುತ್ತಿದ್ದ ಹೊತ್ತಿನಲ್ಲಿ ನಾನಿಲ್ಲಿ ಕೇಸರಿ ತೇಯುತ್ತಿದ್ದೆ, ಹಾಡುತ್ತಿದ್ದೆ, ಮಧ್ಯಾಹ್ನ ಪಾಯಸ ಉಂಡಿದ್ದೆ.

ಹಾಗಾದರೆ ಆ ಮುಂಜಾನೆ ನನ್ನನ್ನು ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳಿದವನು ಯಾರು?

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು. ಯಂತ್ರಗಳ ಮೇಲೆ ನನಗೆ ಹುಟ್ಟು ದ್ವೇಷವೇನೂ ಇಲ್ಲ. ಆದುದರಿಂದ ಗವಾಕ್ಷಿಯ ವಿಷಯವನ್ನು ಇದ್ದುದು ಇದ್ದ ಹಾಗೆ ಹೇಳುತ್ತೇನೆ.

ಹಿಂದೆ ಬ್ರೌಸರ್ ಎಂದರೆ ಜಾಲತಾಣಗಳನ್ನು ನೋಡುವ ಕಿಟಕಿ, ಅಷ್ಟೇ. ಆಚೆ ಏನಿದೆಯೋ ಅದನ್ನೇ ಅದು ತೋರಿಸುತ್ತಿತ್ತು. ಗವಾಕ್ಷಿ ಬಂದ ಮೇಲೆ ಆ ಕಿಟಕಿಯನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಕಟ್ಟಿಕೊಳ್ಳತೊಡಗಿದರು. ನನ್ನದರ ಅಕ್ಷರಗಳು ಹೆಬ್ಬೆರಳಿನಷ್ಟು ದೊಡ್ಡವು. ಎಡಬದಿಯ ಪಟ್ಟಿಯಲ್ಲಿ ಪಂಚಾಂಗ, ಬಲಬದಿಯಲ್ಲಿ ಔಷಧಿಯ ವೇಳೆ, ಹಿನ್ನೆಲೆಗೆ ಬಾಹುಬಲಿಯ ಪಾದದ ಚಿತ್ರ. ಪತ್ರಿಕೆ, ಬ್ಯಾಂಕು, ಫೋನು, ನೆಂಟರ ಮಾತು, ಎಲ್ಲವೂ ಅದರ ಮೂಲಕವೇ ಬರುತ್ತಿದ್ದವು. ಗೋಡೆಯ ಮೇಲೊಂದು ಹಲಗೆಯಂಥ ಪರದೆ, ಕೈಯಲ್ಲಿ ಇನ್ನೊಂದು.

ಅದರೊಳಗೆ ಬುದ್ಧಿಯುಳ್ಳ ಮೂರು ಉಪಕರಣಗಳಿದ್ದವು. ಒಂದರ ಹೆಸರು ಸಾರ. ಉದ್ದದ ಬರಹವನ್ನೂ ಮಾತನ್ನೂ ಅದು ಒಂದೆರಡು ಸಾಲಿಗೆ ಇಳಿಸುತ್ತಿತ್ತು. ಇನ್ನೊಂದು ತಿಳಿನೋಟ. ನೋಡುವವನ ಮನಸ್ಸು ಕೆಡಿಸುವಂಥದನ್ನು ಅದು ಮೊದಲೇ ಸೋಸಿಬಿಡುತ್ತಿತ್ತು. ಎಷ್ಟು ಸೋಸಬೇಕೆಂದು ಒಂದು ಗುಂಡಿಯನ್ನು ಆಚೀಚೆ ಸರಿಸಿ ಹೇಳಬೇಕು. ಮತ್ತೊಂದು ಪಡಿನುಡಿ. ನಾವು ಬರೆಯುವ, ಮಾತನಾಡುವ ರೀತಿಯನ್ನು ಕಲಿತುಕೊಂಡು, ನಮಗೆ ಆಗದಿದ್ದಾಗ ನಮ್ಮ ಪರವಾಗಿ, ನಮ್ಮದೇ ದನಿಯಲ್ಲಿ ಉತ್ತರ ಕೊಡುತ್ತಿತ್ತು. ಒಂದೊಂದನ್ನೇ ನೋಡಿದರೆ ಮೂರೂ ಉಪಕಾರದ ವಸ್ತುಗಳೇ. ಮೂರೂ ಒಂದಾಗಿ ಏನು ಮಾಡಬಲ್ಲವು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಬಸದಿಯಿಂದ ಮನೆಗೆ ಬಂದವನೇ ಪರದೆಯ ಮುಂದೆ ನಿಂತೆ.

"ನನ್ನ ತಮ್ಮ ಎಲ್ಲಿದ್ದಾನೆ?"

"ನಿಮ್ಮ ತಮ್ಮನವರು ಇಂದು ಬೆಳಿಗ್ಗೆ ನಿಮ್ಮೊಂದಿಗೆ ಮಾತನಾಡಿದ್ದಾರೆ" ಎಂದಿತು ಗವಾಕ್ಷಿ, ತನ್ನ ಎಂದಿನ ಸಕ್ಕರೆ ದನಿಯಲ್ಲಿ. "ನಿಮ್ಮ ಎದೆಬಡಿತ ಹೆಚ್ಚಾಗಿದೆ. ಕುಳಿತುಕೊಳ್ಳಿ. ಒಂದು ಭಜನೆ ಹಾಕಲೇ?"

"ಧನ್ಯಕುಮಾರ ಬದುಕಿದ್ದಾನೋ ಇಲ್ಲವೋ?"

"ನಿಮ್ಮ ಆರೋಗ್ಯಕ್ಕೆ ತಕ್ಕಂತೆ ಈ ವಿಷಯವನ್ನು ಆಮೇಲೆ ನೋಡೋಣ. ತೋಟದ ಚಿತ್ರಗಳನ್ನು ತೋರಿಸಲೇ?"

ಹೆಗಲ ಮೇಲಿದ್ದ ಒದ್ದೆ ಪಂಚೆಯನ್ನು ತೆಗೆದು ಅದರ ಮುಖಕ್ಕೆ ಎಸೆದೆ. ಪಂಚೆ ಅದರ ಮೇಲೆ ಜೋತುಬಿತ್ತು. ಅದರಡಿಯಿಂದಲೇ ಭಜನೆ ಶುರುವಾಯಿತು.

ಮಗಳು ಪದ್ಮಲತಾ ಆಸ್ಪತ್ರೆಯ ಪಾಳಿ ಮುಗಿಸಿ ಬಂದಾಗ ನಾನು ಇನ್ನೂ ಹಾಗೆಯೇ ನಿಂತಿದ್ದೆ. ಅವಳು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನರ್ಸು. ಸಾವನ್ನು ದಿನವೂ ನೋಡುವವಳು. ಆದರೂ ಕಾಕಾನ ಹೆಸರು ಕೇಳಿದ್ದೇ ಚೀಲ ಹೆಗಲಲ್ಲಿರುವಂತೆಯೇ ನೆಲದ ಮೇಲೆ ಕುಳಿತುಬಿಟ್ಟಳು.

"ನಿನಗ ಗೊತ್ತಿತ್ತೇನು?"

"ಇಲ್ಲ ಅಪ್ಪಾ. ದೇವರಾಣಿ ಇಲ್ಲ."

"ನನ್ನ ಗವಾಕ್ಷಿಯ ಗುಂಡಿ ಯಾರು ಸರಿಸಿದ್ರು?"

ಅವಳು ಚೀಲವನ್ನು ಹೆಗಲಿಂದ ಇಳಿಸಿದಳು. ಆಮೇಲೆ, "ನಾನ" ಎಂದಳು. "ನಿಮ್ಮ ಎದಿಗೆ ಸ್ಟೆಂಟ್ ಹಾಕಿದ ಮ್ಯಾಲೆ ಡಾಕ್ಟರು ಆಘಾತ ಆಗಬಾರದು ಅಂದ್ರಲ್ಲ. ಅದಕ್ಕ ತಿಳಿನೋಟದ ಗುಂಡಿ ಕಟ್ಟಕಡೀತನಕ ಸರಿಸಿದೆ. ಕೆಟ್ಟ ಸುದ್ದಿ ಬಂದ್ರ ಮೊದಲ ನನಗ ತೋರಸು, ನಾ ನೋಡಿ ಹೇಳ್ತೀನಿ ಅಂತ ಅದಕ್ಕ ಹೇಳಿದ್ದೆ."

"ಮತ್ತ ನಿನಗ ತೋರಿಸಲಿಲ್ಲೇನು?"

ಅವಳು ತನ್ನ ಕೈಯ ಪರದೆಯನ್ನು ತೆರೆದು ಹುಡುಕಿದಳು. ಅಪ್ಪನ ವಿಷಯಗಳನ್ನೆಲ್ಲ ಒಂದು ಗುಂಪಾಗಿ ಕಟ್ಟಿ, ಅದರ ಸಾರವನ್ನು ಮಾತ್ರ ವಾರಕ್ಕೊಮ್ಮೆ ಕೊಡು ಎಂದು ಅವಳು ಇಟ್ಟಿದ್ದಳು. ಕೆಲಸ ಮಾಡುವ ಹೆಣ್ಣುಮಗಳು, ತಪ್ಪು ಎನ್ನಲಾರೆ. ಆ ವಾರದ ಸಾರದಲ್ಲಿ ನನ್ನ ರಕ್ತದೊತ್ತಡ, ವಿದ್ಯುತ್ ಬಿಲ್ಲು, ಗುಳಿಗೆ ಇವೆಲ್ಲದರ ಕೆಳಗೆ ಒಂದು ಸಾಲಿತ್ತು. "ಸಾಂಗಲಿಯಿಂದ ಕುಟುಂಬದ ಸುದ್ದಿ. ತುರ್ತು ಕ್ರಮ ಬೇಕಿಲ್ಲ. ತಕ್ಕ ಉತ್ತರ ಕಳುಹಿಸಲಾಗಿದೆ."

ಪದ್ಮಲತಾ ಆ ಸಾಲನ್ನು ಮತ್ತೆ ಮತ್ತೆ ಓದಿದಳು. "ಹೌದಲ್ಲ ಅಪ್ಪಾ. ಸತ್ತವರಿಗೆ ತುರ್ತು ಏನೈತಿ. ಇದು ಸುಳ್ಳ ಹೇಳಿಲ್ಲ ನೋಡ್ರಿ" ಎಂದು ನಕ್ಕಳು. ಆ ನಗು ಅಳುವಾಗಲು ಹೊತ್ತು ಹಿಡಿಯಲಿಲ್ಲ.

ಅವಳನ್ನು ಬೈಯಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಬೈದೆ ಕೂಡ. ನನ್ನನ್ನು ಮಗುವೆಂದು ತಿಳಿದೆಯಾ, ಕಣ್ಣಿಗೆ ಪಟ್ಟಿ ಕಟ್ಟಿದ ಎತ್ತೆಂದು ತಿಳಿದೆಯಾ ಎಂದೆ. ಆದರೆ ಬೈದಂತೆಲ್ಲ ನನ್ನ ಸಿಟ್ಟು ಅವಳನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಅವಳು ಸರಿಸಿದ್ದು ಒಂದು ಗುಂಡಿ. ಆ ಗುಂಡಿಯನ್ನು ಮಾಡಿ ಅಲ್ಲಿ ಇಟ್ಟವರು ಬೇರೆಯವರು.

ನನಗೆ ತಿಳಿಯಬೇಕಿದ್ದದ್ದು ಒಂದೇ. ಧನ್ಯಾ ಹೋಗುವಾಗ ಅವನ ಮನಸ್ಸು ಹೇಗಿತ್ತು? ನಮ್ಮ ಧರ್ಮದಲ್ಲಿ ಕೊನೆಯ ಗಳಿಗೆಯ ಭಾವಕ್ಕೆ ಬಹಳ ಬೆಲೆ. ಶಾಂತವಾಗಿ ಹೋದ ಜೀವದ ದಾರಿ ಒಂದು, ಕಳವಳದಲ್ಲಿ ಹೋದ ಜೀವದ ದಾರಿ ಇನ್ನೊಂದು. ಅದಕ್ಕಾಗಿಯೇ ಹೋಗುವವರ ಕಿವಿಯಲ್ಲಿ ಹತ್ತಿರದವರು ಣಮೋಕಾರ ಮಂತ್ರ ಹೇಳುತ್ತಾರೆ. ಯಾರು ಮೊದಲು ಹೊರಟರೂ ಇನ್ನೊಬ್ಬರು ಬಂದು ಹೇಳಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಾನು ಹೋಗಲಿಲ್ಲ. ಅಣ್ಣ ಬರಲಿಲ್ಲವೆಂಬ ನೋವಿನಲ್ಲೇ ಅವನು ಹೋದನೇ? ಅವನು ನನ್ನನ್ನು ಕರೆದಿದ್ದನೇ? ಕರೆದಿದ್ದರೆ ನಾನು, ಅಂದರೆ ನನ್ನ ದನಿ, ಏನು ಹೇಳಿತ್ತು?

ಗವಾಕ್ಷಿಯ ನಿಯಂತ್ರಣ ಕೇಂದ್ರ ಊರ ಹೊರಗೆ, ವಿಮಾನ ನಿಲ್ದಾಣದ ರಸ್ತೆಯಲ್ಲಿತ್ತು. ಮರುದಿನ ಮುಂಜಾನೆ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ತಿಳಿನೋಟ ವಿಭಾಗದ ಮುಖ್ಯಸ್ಥ ಕಲ್ಮೇಶ ಯಲಿಗಾರ ಎಂಬವರು ನಮ್ಮನ್ನು ಬರಮಾಡಿಕೊಂಡರು. ನಲವತ್ತರ ಸುಮಾರಿನ, ಮೆದು ಮಾತಿನ ಮನುಷ್ಯ. ದೊಡ್ಡ ಹಾಲಿನ ಒಂದು ಗೋಡೆಯ ತುಂಬ ಊರಿನ ನಕ್ಷೆ, ನಕ್ಷೆಯ ತುಂಬ ಚುಕ್ಕೆಗಳು.

"ಒಂದೊಂದು ಚುಕ್ಕಿ ಒಂದೊಂದು ಮನಿರಿ ಕಾಕಾರ. ಹಸರು ಇದ್ರ ಮನ್ಯಾಗ ಎಲ್ಲಾರೂ ಸಮಾಧಾನ ಇದ್ದಾರ ಅಂತ. ಕೆಂಪಾದ್ರ ನಾವು ಇಲ್ಲಿಂದನ ನೋಡ್ಕೋತೀವಿ."

"ನನ್ನ ಮನಿ ಯಾವುದು?"

ಅವರು ತೋರಿಸಿದರು. ಹಸಿರು ಹಾಸಿನ ನಡುವೆ ಒಂದೇ ಒಂದು ಕೆಂಪು ಚುಕ್ಕೆ.

"ನನ್ನ ತಮ್ಮ ಸತ್ತ ದಿನ ಅದು ಯಾವ ಬಣ್ಣ ಇತ್ತು?"

ಕಲ್ಮೇಶರು ಯಂತ್ರದಲ್ಲಿ ಹಿಂದಕ್ಕೆ ಹೋಗಿ ನೋಡಿದರು. ಹೇಳಲು ಅವರಿಗೆ ಮನಸ್ಸಾಗಲಿಲ್ಲ. ನಾನೇ ನೋಡಿದೆ. ಎಳೆಯ ಹುಲ್ಲಿನಂಥ ಹಸಿರು.

"ಶಭಾಷ್" ಎಂದೆ. "ಇಡೀ ಊರಿನ ಮ್ಯಾಲೆ ಚಾದರ ಹೊಚ್ಚೀರಿ. ಒಳಗ ಮಲಗಿದವರು ಎಷ್ಟು ಮಂದಿ, ಸತ್ತವರು ಎಷ್ಟು ಮಂದಿ ನಿಮಗ ಗೊತ್ತೈತೇನು?"

"ಕಾಕಾರ, ನಿಮ್ಮ ದುಃಖ ನನಗ ತಿಳಿತೈತಿ. ಆದ್ರ ಇನ್ನೊಂದು ಮಾತು ಕೇಳ್ರಿ. ತಿಳಿನೋಟ ಬಂದ ಮ್ಯಾಲೆ ಹೃದಯದ ರೋಗಿಗಳು ಹಠಾತ್ತನ ಸಾಯೋದು ಭಾಳ ಕಡಿಮಿ ಆಗೇತಿ. ನೀವೂ ಇವತ್ತು ನಿಂತು ಬೈಯಾಕತ್ತೀರಿ ಅಂದ್ರ..."

"ಬೈಯಾಕ ಜೀವಂತ ಇಟ್ಟೀರಿ ಅಂತ ಕೈ ಮುಗೀಲೇನು? ಸುದ್ದಿ ಕೇಳಿ ನನ್ನ ಎದಿ ಒಡದಿದ್ರ ಅದು ನನ್ನ ಎದಿ, ನನ್ನ ತಮ್ಮ. ಒಡೀಬೇಕೋ ಬ್ಯಾಡೋ ಅಂತ ನಿಮ್ಮ ಕಡೆ ಅರ್ಜಿ ಹಾಕಿದ್ನೇನು?"

ಸುತ್ತಲಿನ ಮೇಜುಗಳವರು ತಲೆಯೆತ್ತಿ ನೋಡಿದರು. ಕಲ್ಮೇಶರು ನಮ್ಮನ್ನು ಪಕ್ಕದ ಕೋಣೆಗೆ ಕರೆದೊಯ್ದರು. ನಾನು ಅಲ್ಲಿ ಕೂರಲಿಲ್ಲ. ನನ್ನ ತಮ್ಮನ ಮೂಲ ಮಾತು ಬೇಕು, ಸಾರ ಬೇಡ ಎಂದೆ. ಗುಂಡಿ ಸರಿಸಿದವರು ಒಪ್ಪಬೇಕು, ಅದು ನಿಯಮ ಎಂದರು. ಪದ್ಮಲತಾ ಒಪ್ಪಿಗೆಯ ಬೆರಳೊತ್ತಿದಳು.

ಧನ್ಯಾನ ದನಿ ಬಂತು. ಉಸಿರು ಏರುತ್ತಿತ್ತು, ಆದರೂ ಅದರಲ್ಲಿ ಅವನ ಕುಚೋದ್ಯ ಹೋಗಿರಲಿಲ್ಲ.

"ಅಣ್ಣಾ, ಡಾಕ್ಟರು ಕೈ ಚೆಲ್ಯಾರ. ನನಗ ಹೆದರಿಕಿ ಏನಿಲ್ಲ. ನೀ ಬಾ. ಎದಿ ಬ್ಯಾನಿ ಅಂತ ನೆಪ ಹೇಳಬ್ಯಾಡ, ಕಾರ್ ಕಳಸ್ತೀನಿ, ಮಲಕೊಂಡ ಬಾ. ಕಿವ್ಯಾಗ ಹೇಳಾಕ ಇಲ್ಲಿ ಭಾಳ ಮಂದಿ ಅದಾರ. ಆದ್ರ ನೀ ಸುರು ಮಾಡಬೇಕು. ಮುಂದಿಂದು ನಾ ಹೇಳ್ತೀನಿ."

ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕು. ಚಿಕ್ಕಂದಿನಲ್ಲಿ ಧನ್ಯಾನಿಗೆ ಕತ್ತಲೆಂದರೆ ಭಯ. ಮಲಗುವ ಮುಂಚೆ ಣಮೋಕಾರ ಹೇಳು ಎಂದರೆ ಒಬ್ಬನೇ ಹೇಳಲಾರೆನೆಂದು ಹಟ ಮಾಡುತ್ತಿದ್ದ. ಅದಕ್ಕೆ ನಮ್ಮ ಅವ್ವ ಒಂದು ಉಪಾಯ ಮಾಡಿದಳು. ಐದು ಸಾಲಿನ ಮಂತ್ರದಲ್ಲಿ ಮೊದಲನೆಯದು ಅಣ್ಣನದು, ಎರಡನೆಯದು ತಮ್ಮನದು. ಮೂರು ಅಣ್ಣನದು, ನಾಲ್ಕು ತಮ್ಮನದು. ಐದನೆಯದನ್ನು ಅಣ್ಣ ಮುಗಿಸಬೇಕು. ಅವನು ತನ್ನ ಸಾಲು ಹೇಳುವವರೆಗೆ ನಾನು ಮುಂದಕ್ಕೆ ಹೋಗುವಂತಿಲ್ಲ. ಮುದುಕರಾದ ಮೇಲೂ ಇಬ್ಬರೂ ಕೂಡಿದಾಗ ನಾವು ಹೇಳುತ್ತಿದ್ದುದು ಹಾಗೆಯೇ. ಒಬ್ಬೊಬ್ಬರೇ ಇದ್ದಾಗ ಐದೂ ಸಾಲು ಒಬ್ಬರೇ ಹೇಳುತ್ತಿದ್ದೆವು. ಹೊರಗಿನವರಿಗೆ ಇದು ತಿಳಿಯದು. ಇಂಥದನ್ನು ಹೇಳಿಕೊಂಡು ತಿರುಗುವವರು ಯಾರು?

ಆ ಮಾತಿಗೆ ಗವಾಕ್ಷಿ ಮಾಡಿ ನನಗೆ ತೋರಿಸಿದ್ದ ಸಾರವೂ ಅಲ್ಲೇ ಇತ್ತು. "ತಮ್ಮನವರು ಪ್ರೀತಿಯಿಂದ ನೆನೆದಿದ್ದಾರೆ. ಬಿಡುವಾದಾಗ ಬರಲು ಆಹ್ವಾನಿಸಿದ್ದಾರೆ." ಅದನ್ನು ಓದಿದ್ದು ನನಗೆ ನೆನಪಿದೆ. ಪರ್ವ ಮುಗಿಯಲಿ, ಹೋದರಾಯಿತು ಎಂದುಕೊಂಡಿದ್ದೆ.

ಅವನಿಗೆ ಹೋದ ಉತ್ತರವನ್ನೂ ಕೇಳಿಸಿದರು. ನನ್ನದೇ ದನಿ, ನಡುನಡುವೆ ನಾನು ಕೆಮ್ಮುವ ಕೆಮ್ಮೂ ಇತ್ತು. "ಆಗಲಿ ತಮ್ಮಾ, ಬರ್ತೀನಿ. ನೀ ಚಿಂತಿ ಮಾಡಬ್ಯಾಡ. ಆರಾಮ ಇರು."

ಪದ್ಮಲತಾ ಬಾಯಿಗೆ ಸೆರಗು ಹಿಡಿದಳು. ನಾನು ಕಲ್ಮೇಶರಿಗೆ, "ಇನ್ನೂ ತೋರಸ್ರಿ" ಎಂದೆ.

ಸನ್ಮತಿ ಸಾವಿನ ಸುದ್ದಿ ತಿಳಿಸಲು ಮಾಡಿದ ಕರೆಯನ್ನು ನನ್ನ ಪಡಿನುಡಿಯೇ ಎತ್ತಿಕೊಂಡಿತ್ತು. ಪ್ರಯಾಣ ಮಾಡುವ ಶಕ್ತಿ ತನಗಿಲ್ಲವೆಂದು ನನ್ನ ದನಿಯಲ್ಲಿ ಹೇಳಿ, ಜೀವ ಬರುತ್ತದೆ, ಹೋಗುತ್ತದೆ ಎಂದು ನಾಲ್ಕು ತತ್ತ್ವದ ಮಾತನ್ನೂ ಆಡಿತ್ತು. ಅಲ್ಲಿಗೆ ಮುಗಿಯಲಿಲ್ಲ. ಧನ್ಯಾನ ಗವಾಕ್ಷಿಯನ್ನು ಯಾರೂ ಮುಚ್ಚಿರಲಿಲ್ಲ. ಮುಚ್ಚದಿದ್ದರೆ ಅದರ ಪಡಿನುಡಿ ತನ್ನ ಕೆಲಸ ಬಿಡುವುದಿಲ್ಲ. ಅದು ದಿನಾ ಮುಂಜಾನೆ ಜಯ ಜಿನೇಂದ್ರ ಎನ್ನುತ್ತಿತ್ತು. ನಾನು ಉತ್ತರಿಸಿದರೆ ನನ್ನೊಂದಿಗೆ ಮಾತು. ನಾನು ಉತ್ತರಿಸದಿದ್ದರೆ ನನ್ನ ಪಡಿನುಡಿಯೊಂದಿಗೆ ಮಾತು. ಮೊಣಕಾಲು, ಗುಳಿಗೆ, ಹವೆ. ಸತ್ತವನ ಹೆಸರಿನ ಯಂತ್ರ ಕ್ಷೇಮ ಕೇಳುವುದು, ಏನೂ ಅರಿಯದವನ ಹೆಸರಿನ ಯಂತ್ರ ಕ್ಷೇಮ ಹೇಳುವುದು.

ಕ್ಷಮಾವಳಿಯ ದಿನದ ಪುಟಕ್ಕೆ ಬಂದಾಗ ಕಲ್ಮೇಶರು ಬೇಗ ಸರಿಸಲು ನೋಡಿದರು. ನಾನು ಬಿಡಲಿಲ್ಲ. ವರ್ಷದಲ್ಲಿ ಆ ಒಂದು ದಿನ ನಾವು ಸಕಲ ಜೀವಗಳಲ್ಲಿ, ಬಂಧುಗಳಲ್ಲಿ, ವೈರಿಗಳಲ್ಲಿ ಕೈಮುಗಿದು ಕ್ಷಮೆ ಕೇಳುತ್ತೇವೆ. ಅಲ್ಲಿ ಬರೆದಿತ್ತು: "ತಿಳಿದೋ ತಿಳಿಯದೆಯೋ ನಿನ್ನ ಮನಸ್ಸು ನೋಯಿಸಿದ್ದರೆ ಕ್ಷಮಿಸು ತಮ್ಮಾ. ಉತ್ತಮ ಕ್ಷಮಾ." ಕೆಳಗೆ ಉತ್ತರ: "ನನ್ನದೂ ಅದೇ ಪ್ರಾರ್ಥನೆ ಅಣ್ಣಾ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಉತ್ತಮ ಕ್ಷಮಾ."

"ಇವರಿಬ್ಬರೂ ಯಾರು?" ಎಂದು ಕೇಳಿದೆ.

"ಹಬ್ಬದ ಸಂದೇಶ ತಾನ ಹೋಗೂ ವ್ಯವಸ್ಥಾ ಐತ್ರಿ ಕಾಕಾರ. ಭಾಳ ಮಂದಿ ಮೆಚ್ಚಿದ್ದು ಅದು."

"ಯಲಿಗಾರ, ಇರವಿಗಾದ್ರೂ ನಾ ಕೈ ಮುಗದು ಕ್ಷಮಾ ಕೇಳ್ತೀನಿ. ಅದಕ್ಕ ಜೀವ ಐತಿ, ನೋವು ಐತಿ. ಈ ನಿಮ್ಮ ಡಬ್ಬಿಗೆ ಯಾರು ಏನು ನೋಯಿಸ್ಯಾರ? ಇದು ಯಾರನ್ನ ಕ್ಷಮಿಸ್ತೈತಿ? ಹೆಣದ ಬಾಯಿಲೇ ಕ್ಷಮಾ ಹೇಳಿಸೀರಿ. ನನ್ನ ಬಾಯಿಲೇ ಸುಳ್ಳು ಹೇಳಿಸೀರಿ. ಸುಳ್ಳು ಹೇಳೂದಿಲ್ಲ ಅಂತ ನಾ ವ್ರತ ಹಿಡದು ಎಷ್ಟು ವರ್ಷ ಆತು, ಅದನ್ನರೆ ನಿಮ್ಮ ಡಬ್ಬಿ ಬರಕೊಂಡೈತೇನು?"

ಆ ಮನುಷ್ಯ ತಲೆ ತಗ್ಗಿಸಿದರು. ಕೆಟ್ಟವರೇನಲ್ಲ. ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಕೆಟ್ಟವರಾಗಿದ್ದರೆ ಒಂದು ಮಾತು ಬೈದು ಮುಗಿಸಬಹುದಿತ್ತು. ಇವರು ನನಗೆ ಒಳ್ಳೆಯದು ಮಾಡಿದವರು.

ಕಲ್ಮೇಶರು ತಲೆಯೆತ್ತಿದರು. "ಕಾಕಾರ, ಒಂದು ಹಾದಿ ಐತ್ರಿ. ನಿಮ್ಮ ತಮ್ಮಾರ ದನಿ ನಮ್ಮ ಹತ್ರ ಪೂರ್ತಿ ಐತಿ. ಈಗ ಇಲ್ಲೇ ನೀವು ಸುರು ಮಾಡ್ರಿ. ಮುಂದಿಂದು ಅವರ ದನಿ ಹೇಳ್ತೈತಿ. ಅವರ ಆಸೆ ಪೂರಾ ಆದಂಗ ಆಗತೈತಿ. ನಿಮಗೂ ಸಮಾಧಾನ."

ನಾನು ಕೂಡಲೇ ಇಲ್ಲವೆನ್ನಲಿಲ್ಲ. ಆ ಪರದೆಯ ಕಡೆ ನೋಡಿದೆ. ಒಂದೇ ಒಂದು ಸಾಲು ಹೇಳಿದರೆ ಸಾಕು, ಧನ್ಯಾನ ದನಿ ಕೇಳುತ್ತದೆ. ಪದ್ಮಲತಾ ನನ್ನ ತೋಳು ಹಿಡಿದು, "ಅಪ್ಪಾ, ಒಂದ ಸಲ..." ಎಂದಳು. ಅವಳ ಆಸೆ ನನ್ನದೂ ಆಗಿತ್ತು.

ಆದರೆ ಬಾಯಿ ತೆರೆದಾಗ ಬಂದದ್ದು ಮಂತ್ರವಲ್ಲ. "ಅಂವ ಸತ್ತ ಮ್ಯಾಲೂ ಅವನ ಕಡಿಂದ ದುಡಿಸ್ಕೋತೀರೇನು? ಸಾಕು ಮಾಡ್ರಿ. ನನ್ನ ಕಿಟಕಿ ಈಗಿಂದೀಗ ಮುಚ್ಚರಿ. ಪೂರಾ ಮುಚ್ಚರಿ. ನನ್ನ ದನಿ ಒಂದು ಚೂರೂ ಉಳೀಬಾರದು."

ಮುಚ್ಚಿದರು. ಗೋಡೆಯ ನಕ್ಷೆಯಲ್ಲಿ ನನ್ನ ಕೆಂಪು ಚುಕ್ಕೆ ಆರಿ ಕಪ್ಪಾಯಿತು. ಬಾಗಿಲ ತನಕ ಬಂದ ಕಲ್ಮೇಶರು, "ಕಡೇ ದಿನದ ಇನ್ನೊಂದು ಮಾತುಕತಿ ಐತ್ರಿ. ಸಾಂಗಲಿ ಮನ್ಯಾಗ ಆಗಿದ್ದು, ನಿಮ್ಮ ತಮ್ಮಾರ ಗವಾಕ್ಷ್ಯಾಗ ಉಳದೈತಿ. ಕೇಳ್ತೀರೇನು?" ಎಂದರು. ಯಂತ್ರದ ಬಾಯಿಂದ ಇನ್ನು ಏನೂ ಬೇಡವೆಂದು ಹೊರಟುಬಿಟ್ಟೆ.

ಸಾಂಗಲಿಗೆ ಬಸ್ಸಿನಲ್ಲಿ ಹೋದೆವು. ಮಗಳು ದಾರಿಯುದ್ದಕ್ಕೂ ನನ್ನ ನಾಡಿ ಹಿಡಿದೇ ಕುಳಿತಿದ್ದಳು. ಕಾರಿನಲ್ಲಿ ಮಲಗಿಕೊಂಡು ಬಾ ಎಂದಿದ್ದ ತಮ್ಮ. ಈ ದಾರಿ ನನ್ನ ಎದೆಗೆ ಅಷ್ಟೇನೂ ಭಾರವಾಗಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು. ಆಗಲೂ ಬರಬಹುದಿತ್ತಲ್ಲ.

ಬಾಗಿಲು ತೆರೆದವನು ಸನ್ಮತಿ. ಕಾಲು ಮುಟ್ಟಿ ನಮಸ್ಕಾರ ಮಾಡುವ ಹುಡುಗ ಅಂದು ಬಾಗಲಿಲ್ಲ.

"ಬರ್ರಿ ದೊಡ್ಡಪ್ಪಾ. ಆರಾಮ ಆತೇನು ಎದಿ? ಹಬ್ಬ ಹುಣಿವಿ ಎಲ್ಲಾ ಮುಗಿಸ್ಕೊಂಡ ಬಂದ್ರಿ, ಛಲೋ ಆತು."

"ಸನ್ಮತಿ, ನಾ..."

"ಫೋನಿನ್ಯಾಗ ಏನ್ ಚಂದ ಹೇಳಿದ್ರಿ. ಜೀವ ಬರತೈತಿ, ಹೋಗತೈತಿ ಅಂತ. ನಮ್ಮಪ್ಪ ಬಾಗಲಾ ನೋಡಕೋತ ಮಲಗಿದ್ದ ದೊಡ್ಡಪ್ಪಾ. ಯಾರ ಬಂದ್ರೂ ಅಣ್ಣೇನು ಅಂತಿದ್ದ."

"ತಮ್ಮಾ, ಅದು ಅಪ್ಪ ಅಲ್ಲ" ಎಂದು ಪದ್ಮಲತಾ ನಡುವೆ ಬಂದಳು. "ಗುಂಡಿ ಸರಿಸಿದಾಕಿ ನಾನು. ಬೈಯೂದಿದ್ರ ನನ್ನ ಬೈ." ಹೊಸ್ತಿಲ ಮೇಲೆ ನಿಂತೇ ಎಲ್ಲವನ್ನೂ ಹೇಳಿದಳು. ಸನ್ಮತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಕೊನೆಗೆ ಬಾಗಿ ನನ್ನ ಕಾಲು ಮುಟ್ಟಿದ. ತನ್ನ ಅಪ್ಪನ ಗವಾಕ್ಷಿ ಮುಚ್ಚಲು ತನಗೆ ಕೈ ಬಂದಿರಲಿಲ್ಲವೆಂದ.

ಒಳಗೆ ಧನ್ಯಾನ ಹೆಂಡತಿ ಕುಸುಮಾ ಕುಳಿತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಮಗನಷ್ಟು ಸಿಟ್ಟು ಅವಳಲ್ಲಿ ಇರಲಿಲ್ಲ. ಸನ್ಮತಿ ತಿಳಿಸಿ ಹೇಳಿದಾಗ ಅವಳು ನಿಧಾನವಾಗಿ ತಲೆಯಾಡಿಸಿದಳು.

"ಅವರಿಗೆ ಗೊತ್ತಾಗಿತ್ತರಿ ಭಾವಾರ" ಎಂದಳು.

"ಏನು?"

"ಕಡೇ ದಿನ ಉಸಿರು ಮ್ಯಾಲಾಗಿತ್ತು. ನೀವು ಬರಲಿಲ್ಲಲ್ಲ, ಅದಕ್ಕ ಸನ್ಮತಿ ನಿಮಗ ಫೋನ್ ಹಚ್ಚಿ, ಹಲಗಿನ್ನ ಅವರ ಕಿವಿ ಹತ್ರ ಹಿಡದ. ದೊಡ್ಡಪ್ಪಾ, ಣಮೋಕಾರ ಹೇಳ್ರಿ ಅಂದ. ನಿಮ್ಮ ದನಿಲೇನ ಹೇಳಿತ್ರಿ. ಐದೂ ಸಾಲು ಸರಸರ ಸರಸರ ಹೇಳ್ತು. ನಮಗ ಯಾರಿಗೂ ಸಂಶೆ ಬರಲಿಲ್ಲ. ಅವರು ಸುಮ್ಮನ ಕೇಳಿದ್ರು. ಮುಗದ ಮ್ಯಾಲೆ ಕಣ್ಣ ತಗದು, ಇಂವ ಅಣ್ಣ ಅಲ್ಲ ಅಂದ್ರು."

"ಮತ್ತೇನಂದ?" ಎಂದೆ.

"ಅಣ್ಣ ನಿಲ್ಲತಾನ ಅಂದ್ರು. ಅಷ್ಟ ಅಂದದ್ದು. ಸನ್ನಿ ಆಗೇತಿ ಅಂತ ತಿಳದಿವಿ ನಾವು. ಅದನ್ನ ಬಂದ್ ಮಾಡ್ರಿ ಅಂತ ಕೈ ಮಾಡಿದ್ರು. ಬಂದ್ ಮಾಡಿದಿವಿ."

ಯಂತ್ರ ಕಲಿತದ್ದು ನಾನು ದಿನವೂ ಒಬ್ಬನೇ ಅದರ ಮುಂದೆ ಹೇಳುತ್ತಿದ್ದ ಮಂತ್ರವನ್ನು. ನನ್ನ ಕೆಮ್ಮನ್ನು ಕಲಿಯಿತು, ಕಂಪನವನ್ನು ಕಲಿಯಿತು. ತಮ್ಮ ಜೊತೆಗಿದ್ದಾಗ ಮಾತ್ರ ನಾನು ನಿಲ್ಲುತ್ತೇನೆಂಬುದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಸುಮ್ಮನಿರುವುದನ್ನು ಅದಕ್ಕೆ ಯಾರು ಕಲಿಸುತ್ತಾರೆ?

"ಆಮ್ಯಾಲೆ?" ಎಂದೆ. "ಆಮ್ಯಾಲೆ ಹೆಂಗಿದ್ದ? ಕಳವಳಾ ಮಾಡಿಕೊಂಡ್ನೇನು?"

"ಇಲ್ರಿ. ಅದ ಸೋಜಿಗ. ಮಗ್ಗಲಾಗಿ ಗ್ವಾಡಿ ಕಡೆ ತಿರಗಿ, ತಾವ ಹೇಳಾಕ ಸುರು ಮಾಡಿದ್ರು. ಆದ್ರ ಪೂರ್ತಿ ಬರವೊಲ್ದು. ಸ್ವಲ್ಪ ಹೊತ್ತು ಸುಮ್ಮನ ಇರೂದು, ಒಂದು ಸಾಲು ಹೇಳೂದು. ಮತ್ತ ಸುಮ್ಮನ ಇರೂದು, ಮತ್ತೊಂದು ಸಾಲು ಹೇಳೂದು. ನೆನಪು ಹಾರೇತಿ ಅಂತ ತಿಳದು ಸನ್ಮತಿ ನಡುವಿನ ಸಾಲು ಎತ್ತಿ ಕೊಡಾಕ ಹೋದ. ಬ್ಯಾಡ ಅಂತ ಕೈ ಎತ್ತಿದ್ರು. ಹಂಗ ಹೇಳಕೋತ ಹೇಳಕೋತ ಹೋಗಿಬಿಟ್ರು."

"ಯಾವ ಯಾವ ಸಾಲು ಹೇಳ್ತಿದ್ದ? ನೆನಪ ಮಾಡ್ಕೊ ಕುಸುಮಾ."

ಅವಳು ಬೆರಳು ಮಡಚಿ ಮನಸ್ಸಿನಲ್ಲೇ ಹೇಳಿಕೊಂಡಳು. "ಎರಡನೇದು... ನಾಕನೇದು."

ಗೋಡೆಗೆ ಒರಗಿ ಕುಳಿತೆ. ಅವನಿಗೆ ನೆನಪು ಹಾರಿರಲಿಲ್ಲ. ನನ್ನ ಸಾಲುಗಳನ್ನು ನನಗೆ ಬಿಟ್ಟು, ತನ್ನವನ್ನು ಹೇಳುತ್ತಿದ್ದ. ಅಣ್ಣ ಬರಲಿಲ್ಲವೆಂದು ನೊಂದು ಹೋದವನಲ್ಲ ಅವನು. ಆ ಸುಳ್ಳು ಅಣ್ಣನನ್ನು ಆಚೆಗೆ ತಳ್ಳಿ, ನಿಜವಾದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದವನು.

ಗವಾಕ್ಷಿಯವರ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಯಿತೆಂದು ಯಾರೂ ತಿಳಿಯಬಾರದು. ಆಗಲಿಲ್ಲ, ಆಗುವುದೂ ಇಲ್ಲ. ಅವನು ನಿಶ್ಚಿಂತನಾಗಿ ಹೋದದ್ದು ಅವನ ದೊಡ್ಡತನ. ಅವರ ಕಳ್ಳತನ ಕಳ್ಳತನವೇ. ಈ ಊರಿನಲ್ಲಿ, ಆ ಊರಿನಲ್ಲಿ, ಹಸಿರು ಚುಕ್ಕೆಗಳ ಕೆಳಗೆ ಇನ್ನೆಷ್ಟು ಮಂದಿ ಯಾರ ದಾರಿ ನೋಡುತ್ತ ಮಲಗಿದ್ದಾರೋ, ಇನ್ನೆಷ್ಟು ಮಂದಿ ಏನೂ ತಿಳಿಯದೆ ಪಾಯಸ ಉಣ್ಣುತ್ತಿದ್ದಾರೋ. ಇದನ್ನು ಓದುವವರು ಈಗಲೇ ಎದ್ದು ಆ ಗುಂಡಿಯನ್ನು ಹಿಂದಕ್ಕೆ ಸರಿಸಿ. ಅಳು ಬಂದರೆ ಬರಲಿ.

ಸನ್ಮತಿ ಗೋಡೆಯ ಪರದೆಯ ಹತ್ತಿರ ಹೋಗಿ ತನ್ನ ಅಪ್ಪನ ಗವಾಕ್ಷಿಯನ್ನು ಮುಚ್ಚಿದ. ನಾನು ಕೈಕಾಲು ತೊಳೆದು, ಧನ್ಯಾ ಮಲಗುತ್ತಿದ್ದ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ನಮ್ಮ ಶಾಸ್ತ್ರದ ಪ್ರಕಾರ ಜೀವ ಎಲ್ಲಿಯೂ ಕಾಯುವುದಿಲ್ಲ. ದೇಹ ಬಿಟ್ಟ ಕ್ಷಣವೇ ಮುಂದಕ್ಕೆ ಹೊರಟುಬಿಡುತ್ತದೆ. ಅದು ನನಗೆ ಗೊತ್ತಿದೆ. ಕಾಯಬೇಕಾದವನು ನಾನು.

"ಣಮೋ ಅರಿಹಂತಾಣಂ" ಎಂದೆ. ನಿಂತೆ.

ಯಾರ ದನಿಯೂ ಇಲ್ಲ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಬಾಗಿಲಲ್ಲಿ ನಿಂತಿದ್ದ ಸನ್ಮತಿ ಎರಡನೆಯ ಸಾಲಿಗೆ ಬಾಯಿ ತೆರೆದ. ಕುಸುಮಾ ಅವನ ಕೈ ಹಿಡಿದು ತಡೆದಳು. ಆ ಪುಟ್ಟ ಹುಡುಗ ಕತ್ತಲಿಗೆ ಹೆದರುತ್ತ, ತಡವರಿಸುತ್ತ ತನ್ನ ಸಾಲನ್ನು ಮುಗಿಸಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಬಿಟ್ಟೆ. ಮೂರನೆಯದನ್ನು ಹೇಳಿದೆ. ಮತ್ತೆ ನಿಂತೆ. ಐದನೆಯದನ್ನು ಹೇಳಿ ಮುಗಿಸಿದೆ. ಅವನ ಎರಡು, ನನ್ನ ಮೂರು. ಮಂತ್ರ ಪೂರ್ಣವಾಯಿತು.

ಹೇ ಜಿನೇಶ್ವರಾ, ನನ್ನ ತಮ್ಮ ಧನ್ಯಕುಮಾರ ಹೋದ ದಾರಿಯಲ್ಲಿ ಬೆಳಕಿರಲಿ. ಅವನ ಹೆಸರಿನಲ್ಲಿ ಇತರರು ಆಡಿದ ಮಾತು ಅವನನ್ನು ಅಂಟದಿರಲಿ. ಅವನ ಕರ್ಮಗಳು ಒಂದೊಂದಾಗಿ ಸವೆದು ಹೋಗಲಿ. ಎಲ್ಲಿ ಹುಟ್ಟಿದರೂ ನಿನ್ನ ಮಾತು ಅವನ ಕಿವಿಗೆ ನೇರವಾಗಿ ಬೀಳಲಿ, ಯಾವ ಜರಡಿಯೂ ನಡುವೆ ಬಾರದಿರಲಿ. ಆ ಜೀವಕ್ಕೆ ಶಾಂತಿ ದೊರೆಯಲಿ. ಶಾಂತಿ ದೊರೆಯಲಿ.